ಒಂದು ಇಂಗ್ಲಿಷ್ ಪದಕ್ಕೆ ಒಂದು ಕಡ್ಡಿ

ಕಳೆದ ಶನಿವಾರ ನನ್ನನ್ನು ಒಂದು ಶೆಡ್ಡಿನಿಂದ ಹೊರಗೆ ಹಾಕಿದರು. ಕಾರಣ, ನಾನು ಆಡುವ ಕನ್ನಡ.

ನಗಬೇಡಿ. ಹದಿನಾಲ್ಕು ವರ್ಷದಿಂದ ಐರ್ಲೆಂಡಿನಲ್ಲಿದ್ದೇನೆ. ಆರು ವರ್ಷದಿಂದ ವಾರ ತಪ್ಪದೆ ಇದೇ ಜಾಗದಲ್ಲಿ ಕನ್ನಡದಲ್ಲೇ ನಿಮ್ಮ ತಲೆ ತಿನ್ನುತ್ತಿದ್ದೇನೆ. ಇಲ್ಲಿ ನಾಲ್ಕು ಜನ ಕನ್ನಡಿಗರು ಸೇರಿ ಮೈಕ್ ಕೈಗೆ ಕೊಟ್ಟರೆ, ಮಕ್ಕಳಿಗೆ ಭಾಷೆ ಕಲಿಸಿ ಎಂದು ಭಾಷಣ ಬಿಗಿಯುವವಳೂ ನಾನೇ. ಅಂಥವಳನ್ನು ಭಾಷೆಯ ವಿಷಯಕ್ಕೆ ಬಾಗಿಲಿಂದಾಚೆ ಕಳಿಸುವುದೆಂದರೆ ಏನರ್ಥ? ಅದೂ ಕನ್ನಡದ ಗಂಧಗಾಳಿಯೇ ಇಲ್ಲದ ಹಳ್ಳಿಯಲ್ಲಿ?

ಎಲ್ಲ ಶುರುವಾದದ್ದು ಓರ್ಲಾ ತಂದ ಒಂದು ತಟ್ಟೆಯಿಂದ.

ಓರ್ಲಾ ಮೇನೂತಿನ ನಮ್ಮ ಲ್ಯಾಬಿನಲ್ಲಿ ನನ್ನ ಪಕ್ಕದ ಮೇಜಿನವಳು. ಈ ಬೇಸಿಗೆಯಲ್ಲಿ ಅಮೆರಿಕಕ್ಕೆ ಹೋದವಳು ಅರಿಜೋನಾದ ಹೋಪಿ ಜನರ ಊರುಗಳನ್ನು ನೋಡಿಕೊಂಡು ಬಂದಳು. ಮರಳುಗಾಡಿನ ನಡುವೆ ತಲೆ ಕತ್ತರಿಸಿದಂಥ ಚಪ್ಪಟೆ ಬೆಟ್ಟ, ಅದರ ಮೇಲೆ ಕಲ್ಲಿನ ಮನೆಗಳು. ಅಲ್ಲಿಗೆ ಹೋದವರು ಫೋಟೋ ತೆಗೆಯುವಂತಿಲ್ಲವಂತೆ. ರೆಕಾರ್ಡ್ ಮಾಡುವಂತಿಲ್ಲ. ಪುಸ್ತಕ ತೆಗೆದು ಚಿತ್ರ ಗೀಚುವಂತೆಯೂ ಇಲ್ಲ. ಬಂದಿದ್ದೀಯ, ಕೂತುಕೋ, ನೋಡು, ಹೊರಡು. ಅಷ್ಟೇ.

ಹಾಗಾದರೆ ಹೋಗಿದ್ದಕ್ಕೆ ಸಾಕ್ಷಿ ಏನು ಎಂದು ನಾನು ಕೇಳಿದೆ. (ದೇವಸ್ಥಾನಕ್ಕೆ ಹೋದರೆ ದೇವರಿಗಿಂತ ಮೊದಲು ಗೋಪುರದ ಜೊತೆ ಸೆಲ್ಫಿ ತೆಗೆದುಕೊಳ್ಳುವವಳು ನಾನು.) ಓರ್ಲಾ ಚೀಲದಿಂದ ಒಂದು ಹೆಣೆದ ತಟ್ಟೆ ತೆಗೆದಳು. ಅದನ್ನು ಹೆಣೆದ ಹೆಂಗಸಿನ ಮನೆಯಲ್ಲಿ ಅರ್ಧ ದಿನ ಸುಮ್ಮನೆ ಕೂತು ನೋಡಿದಳಂತೆ. ಮದುವೆ ಕಾಲದಲ್ಲಿ ಆ ಮನೆಯಿಂದ ಈ ಮನೆಗೆ ಇಂಥ ತಟ್ಟೆಗಳನ್ನು ಉಡುಗೊರೆ ಕೊಡುವ ಪದ್ಧತಿ ಅಲ್ಲಿದೆಯಂತೆ.

ನಾನು ತಟ್ಟೆ ತಿರುಗಿಸಿ ನೋಡಿದೆ. ಇದು ಮೊರ! ದುಂಡಗಿದೆ, ಬಣ್ಣ ಹಾಕಿದ್ದಾರೆ, ಆದರೆ ಮೊರವೇ. ಹೆಂಗಸರು ಹೆಂಗಸರಿಗೆ ಕೊಡುವ ಮೊರ. ಅರಿಜೋನಾದಲ್ಲಿ ಬಾಗಿನ ಕೊಡುತ್ತಾರೆ, ಐರ್ಲೆಂಡಿನಲ್ಲಿ ನಮಗೆ ಮೊರ ಸಿಗುವುದಿಲ್ಲ!

ಇಲ್ಲಿ ನನ್ನ ಹಳೆಯ ಗಾಯವೊಂದನ್ನು ಹೇಳಬೇಕು. ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಮೊರ ಬೇಕು, ಅದೂ ಜೋಡಿ. ಒಂದರಲ್ಲಿ ಅಕ್ಕಿ, ಬೇಳೆ, ಬೆಲ್ಲ, ಬಳೆ ತುಂಬಿಸಿ ಇನ್ನೊಂದನ್ನು ಮೇಲೆ ಮುಚ್ಚಬೇಕು. ಊರಿಂದ ತಂದದ್ದು ಸೂಟ್‌ಕೇಸಿನಲ್ಲಿ ಮುರಿದುಹೋಗುತ್ತದೆ. ಹೋದ ವರ್ಷ ನಮ್ಮ ಮನೆಯಲ್ಲಿ ಹಬ್ಬ ಇಟ್ಟುಕೊಂಡಾಗ ನಾನು ಅಲ್ಯೂಮಿನಿಯಂ ಫಾಯಿಲ್ ಟ್ರೇ ಬಳಸಿದೆ. ಲಸಾನ್ಯ ಬೇಯಿಸುವಂಥದ್ದು. ಟಾಲಾದಿಂದ ಬಂದಿದ್ದ ಶಾರದಕ್ಕ, ನಮಗೆಲ್ಲ ಹಿರಿಯರು, ಬಾಗಿನ ತೆಗೆದುಕೊಂಡು ಮೆತ್ತಗೆ ಒಂದು ಮಾತು ಹೇಳಿದರು.

"ಇರಲಿ ಬಿಡಮ್ಮ. ಗೌರಿಗೂ ಈ ದೇಶ ಅಭ್ಯಾಸ ಆಗ್ಬೇಕಲ್ಲ."

ಬೈದಿದ್ದರೆ ಮರೆಯಬಹುದಿತ್ತು. ಇದು ಹನ್ನೊಂದು ತಿಂಗಳಿಂದ ಗಂಟಲಲ್ಲೇ ಕೂತಿದೆ. ಈ ವರ್ಷ ಶಾರದಕ್ಕನ ಕೈಗೆ ನಿಜವಾದ ಮೊರದ ಬಾಗಿನವನ್ನೇ ಇಡುತ್ತೇನೆಂದು ವಾಟ್ಸಾಪ್ ಗುಂಪಿನಲ್ಲಿ ಘೋಷಿಸಿಯೂ ಬಿಟ್ಟಿದ್ದೆ. ಎಲ್ಲಿಂದ ತರುವುದು ಎಂದು ಮಾತ್ರ ಗೊತ್ತಿರಲಿಲ್ಲ.

ಓರ್ಲಾ ದಾರಿ ತೋರಿಸಿದಳು. ಗಾಲ್ವೇ ದಾಟಿ ಪಶ್ಚಿಮಕ್ಕೆ ಹೋದರೆ ಕಾನೆಮಾರ. ಅಲ್ಲಿನ ಕೆಲವು ಹಳ್ಳಿಗಳಲ್ಲಿ ಇವತ್ತಿಗೂ ಮನೆಮಾತು ಐರಿಷ್. ಅಂಥದ್ದೊಂದು ಹಳ್ಳಿಯಲ್ಲಿ ಕೊಲಮ್ ಎಂಬ ಹಿರಿಯರಿದ್ದಾರೆ, ವಿಲ್ಲೋ ಮರದ ಕಡ್ಡಿಯಲ್ಲಿ ಬುಟ್ಟಿ ಹೆಣೆಯುತ್ತಾರೆ. ಬೇಸಿಗೆಯ ಶನಿವಾರಗಳಲ್ಲಿ ಬಂದವರಿಗೂ ಹೇಳಿಕೊಡುತ್ತಾರೆ. ಬೇಯಿಸಿದ ಆಲೂಗಡ್ಡೆಯ ನೀರು ಬಸಿಯಲು ಹಳೆಯ ಕಾಲದ ಒಂದು ಅಗಲ ಬುಟ್ಟಿಯಿದೆ, ಸ್ಕಿಬ್ ಅಂತ. ಹೆಚ್ಚುಕಡಿಮೆ ನಿನ್ನ ಮೊರದ ಹಾಗೇ ಇರುತ್ತದೆ ಎಂದಳು.

ಒಂದು ನಿಯಮವಿದೆ ಎಂದೂ ಹೇಳಿದಳು. ಅವರ ಶೆಡ್ಡಿನೊಳಗೆ ಇಂಗ್ಲಿಷ್ ಆಡುವಂತಿಲ್ಲ. ಐರಿಷ್ ಆಡಬಹುದು, ನಿಮ್ಮ ಮನೆಮಾತು ಆಡಬಹುದು, ಸುಮ್ಮನಿರಲೂಬಹುದು.

ಇಷ್ಟೇ ತಾನೆ? ಗ್ರ್ಯಾಂಡ್, ಎಂದೆ. ಆಗಲಿ ಎನ್ನುವುದಕ್ಕೆ ಇಲ್ಲಿನವರ ಮಾತು ಅದು.

ನನ್ನ ಧೈರ್ಯಕ್ಕೆ ಇನ್ನೊಂದು ಕಾರಣ ನನ್ನ ಮಗಳು ಮೈತ್ರಿ. ಹನ್ನೆರಡು ವರ್ಷ. ಐರಿಷ್ ಮಾಧ್ಯಮದ ಶಾಲೆಯಲ್ಲಿ ಓದುತ್ತಾಳೆ, ಆ ಭಾಷೆ ನೀರು ಕುಡಿದಷ್ಟು ಸಲೀಸು. ಕನ್ನಡ ಎಲ್ಲ ಅರ್ಥವಾಗುತ್ತದೆ. ಆದರೆ ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಕೌಂಟಿ ಕಿಲ್ಡೇರಿನ ರಾಗದಲ್ಲಿ. ಊಟ ಮಾಡ್ತೀಯಾ ಎಂದರೆ 'ಆಮ್ ಗ್ರ್ಯಾಂಡ್, ಮ್ಯಾಮ್' ಎನ್ನುತ್ತಾಳೆ, ಅಂದರೆ ಬೇಡ ಅಂತ. ಹನ್ನೆರಡು ವರ್ಷದಿಂದ ನಮ್ಮ ಸಂಸಾರ ಹೀಗೇ ನಡೆದಿದೆ.

ಮೂರು ಗಂಟೆ ಕಾರು ಓಡಿಸಿ ಹೋದೆವು. ದಾರಿಯಲ್ಲಿ ಮೈತ್ರಿ ಶಾಲೆಯಲ್ಲಿ ಕೇಳಿದ್ದೊಂದು ಸಂಗತಿ ಹೇಳಿದಳು, ಇಂಗ್ಲಿಷಿನಲ್ಲೇ. ಬಹಳ ಹಿಂದೆ ಇಲ್ಲಿನ ಶಾಲೆಗಳಲ್ಲಿ ಮಕ್ಕಳ ಕೊರಳಿಗೆ ಒಂದು ಕೋಲು ಕಟ್ಟುತ್ತಿದ್ದರಂತೆ. ಮಗು ಐರಿಷ್ ಆಡಿದಾಗಲೆಲ್ಲ ಅದರ ಮೇಲೆ ಒಂದು ಗೀರು. ಸಂಜೆ ಗೀರು ಎಣಿಸಿ ಅಷ್ಟು ಏಟು. ಛೇ ಎಂದು ನಿಟ್ಟುಸಿರು ಬಿಟ್ಟೆ. ಅಷ್ಟರಲ್ಲಿ ದಾರಿ ಹೇಳುವ ಸ್ಯಾಟ್‌ನ್ಯಾವ್ ಎಡಕ್ಕೆ ತಿರುಗೆಂದಿತು, ಮರೆತೆ.

ಕೊಲಮ್ ಎಪ್ಪತ್ತು ದಾಟಿದ ಎತ್ತರದ ಮನುಷ್ಯ. ತಲೆಗೆ ಟೋಪಿ, ಕಾಲಿಗೆ ಮೊಣಕಾಲವರೆಗೆ ರಬ್ಬರ್ ಬೂಟು. ಜರ್ಮನ್ ಗಂಡ ಹೆಂಡತಿ ಇಬ್ಬರು ಆಗಲೇ ಬಂದು ಬಾಯಿ ಬಿಡದೆ ಕೆಲಸ ಶುರು ಮಾಡಿದ್ದರು. ಕೊಲಮ್ ನಮ್ಮಿಬ್ಬರಿಗೂ ಸೇರಿ ಒಂದು ಕಟ್ಟು ಕಡ್ಡಿ ಕೊಟ್ಟರು. ಸರಿಯಾಗಿ ಎರಡು ಬುಟ್ಟಿಗಾಗುವಷ್ಟು. ನನಗೆ ಬೇಕಾಗಿದ್ದೂ ಅಷ್ಟೇ, ಒಂದು ಜೋಡಿ.

ತಡವಾಗಿ ಬಂದಿದ್ದೆವು, ಕ್ಷಮೆ ಕೇಳುವುದು ಮರ್ಯಾದೆ. ಮೈತ್ರಿಗೆ ಹೇಳಿದೆ: "ಹೇಳೇ ಅವರಿಗೆ, ಸಾರಿ, ಗಾಲ್ವೇಲಿ ಟ್ರಾಫಿಕ್ ಇತ್ತು, ಅದಕ್ಕೆ ಲೇಟಾಯ್ತು ಅಂತ."

ಕೊಲಮ್ 'ಬೇರ್ಲ' ಎಂದರು. ನಮ್ಮ ಕಟ್ಟಿನಿಂದ ಮೂರು ಕಡ್ಡಿ ಎಳೆದು ಪಕ್ಕಕ್ಕಿಟ್ಟರು. ನಾನು ಪಿಳಿಪಿಳಿ ನೋಡಿದೆ. ಬೇರ್ಲ ಎಂದರೆ ಅವರ ಮಾತಿನಲ್ಲಿ ಇಂಗ್ಲಿಷ್. ಒಂದು ಇಂಗ್ಲಿಷ್ ಪದಕ್ಕೆ ಒಂದು ಕಡ್ಡಿ. ಸಾರಿ ಒಂದು, ಟ್ರಾಫಿಕ್ ಎರಡು, ಲೇಟು ಮೂರು.

'ಓ ಗಾಡ್' ಎಂದೆ. ಇನ್ನೆರಡು ಹೋದವು.

ನೀವೇ ಹೇಳಿ, ಇದು ನ್ಯಾಯವೇ? ಟ್ರಾಫಿಕ್ ಕನ್ನಡ ಪದವಲ್ಲವೇ? ಬೆಂಗಳೂರಿನಲ್ಲಿ ಅದಕ್ಕಿಂತ ಹಳೆಯ ನಿವಾಸಿ ಯಾರಿದ್ದಾರೆ? ಆದರೆ ಈ ವಾದವನ್ನು ಕೊಲಮ್ ಮುಂದೆ ಮಂಡಿಸಬೇಕಾದರೆ ಇಂಗ್ಲಿಷೇ ಬೇಕು. ವಕೀಲರನ್ನು ಇಡುವ ಖರ್ಚಿಗಿಂತ ದಂಡ ಕಟ್ಟುವುದೇ ಮೇಲು ಎಂದು ಬಾಯಿ ಮುಚ್ಚಿದೆ.

ಐದು ನಿಮಿಷ ಮುಚ್ಚಿದ್ದೆ ಅನ್ನಿಸುತ್ತದೆ. ಆಮೇಲೆ 'ಸೂಪರ್' ಬಾಯಿಂದ ಜಾರಿತು. 'ಟೈಟಾಗಿ ಹಿಡ್ಕೋ' ಹೋಯಿತು. 'ಆಕ್ಚುಲಿ' ಮೂರು ಸಲ ಹೋಯಿತು. ಕೊಲಮ್‌ಗೆ ಕನ್ನಡದ ಒಂದಕ್ಷರ ಬಾರದು, ಆದರೆ ಕನ್ನಡದೊಳಗೆ ಅಡಗಿ ಕೂತ ಇಂಗ್ಲಿಷನ್ನು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸಿ ತೆಗೆಯುತ್ತಿದ್ದರು. ಜರ್ಮನ್ ದಂಪತಿಯ ಬುಟ್ಟಿ ಏರುತ್ತಿತ್ತು, ನಮ್ಮ ಕಟ್ಟು ಇಳಿಯುತ್ತಿತ್ತು. (ಇಷ್ಟು ಓದುವಷ್ಟರಲ್ಲಿ ಈ ಅಂಕಣಕ್ಕೇ ಎಷ್ಟು ಕಡ್ಡಿ ಹೋಗಿರಬಹುದೆಂದು ದಯವಿಟ್ಟು ಲೆಕ್ಕ ಹಾಕಬೇಡಿ.)

ಮೈತ್ರಿ ಕೊಲಮ್ ಜೊತೆ ಐರಿಷಿನಲ್ಲಿ ಪಟಪಟನೆ ಮಾತಾಡುತ್ತಿದ್ದಳು. ನನ್ನ ಜೊತೆ ಮಾತೇ ಇಲ್ಲ, ಬರೀ ಕೈಸನ್ನೆ.

ಆಗ ಬಂತು ಕಾಲಿನ ವಿಷಯ.

ಬುಟ್ಟಿಯ ಬುಡ ಎಂದರೆ ಅಡ್ಡ ನಾಲ್ಕು, ಉದ್ದ ನಾಲ್ಕು ದಪ್ಪ ಕಡ್ಡಿಗಳು. ಅದನ್ನು ನೆಲದ ಮೇಲಿಟ್ಟು, ಜಾರದ ಹಾಗೆ ಕಾಲಿನಿಂದ ಒತ್ತಿ ಹಿಡಿದು, ಸುತ್ತ ತೆಳು ಕಡ್ಡಿ ಹೆಣೆಯುತ್ತ ಹೋಗಬೇಕು. ಕೊಲಮ್ ನಮ್ಮ ಬುಡದ ಮೇಲೆ ತಮ್ಮ ರಬ್ಬರ್ ಬೂಟು ಇಟ್ಟರು. ಕೆಸರು ಮೆತ್ತಿದ, ಕುರಿಗಳ ನಡುವೆ ಓಡಾಡಿದ ಬೂಟು. ಗೌರಿಯ ಮೊರದ ಮೇಲೆ.

ನನ್ನ ಕೈ ತಾನಾಗಿ ಹೋಗಿ ಆ ಬುಡವನ್ನು ಎಳೆದುಕೊಂಡಿತು. ಮುಟ್ಟಿ ಕಣ್ಣಿಗೊತ್ತಿಕೊಂಡೆ. ಕೊಲಮ್ ಒಂಟಿ ಕಾಲಿನಲ್ಲಿ ಓಲಾಡಿ, ಗೋಡೆ ಹಿಡಿದು ನಿಂತು ನನ್ನನ್ನೇ ನೋಡಿದರು. ಜರ್ಮನ್ನರೂ ನೋಡಿದರು. ಕಾಲು ಇಡಬಾರದು ಎಂದೆ. ಬೇಡ, ಬೇಡ ಎಂದು ಕೈಯಾಡಿಸಿದೆ. ಅವರಿಗೆ ಏನರ್ಥವಾಗಬೇಕು? ನಾನು ಅವರ ಕೆಲಸ ನಿಲ್ಲಿಸಿದ್ದೆ. ಸಿಟ್ಟಾದಂತೆಯೂ ಕಂಡರು.

ಎಲ್ಲರೂ ಮೈತ್ರಿಯ ಕಡೆ ತಿರುಗಿದೆವು. ಅವಳ ಬಳಿ ಐರಿಷ್ ಇತ್ತು, ನನ್ನ ಬಳಿ ಕನ್ನಡ ಇತ್ತು. ನಡುವೆ ನಾವು ದಿನಾ ದಾಟುವ ಇಂಗ್ಲಿಷಿನ ಸೇತುವೆಯನ್ನು ಆ ಮನುಷ್ಯ ಕಿತ್ತು ಹಾಕಿದ್ದರು. ಅವಳು ತುಟಿ ಕಚ್ಚಿಕೊಂಡು ನಿಂತಳು. ಸಹಾಯ ಮಾಡೋಣವೆಂದು ನಾನು ಬಾಯಿ ತೆರೆದೆ. ಕೊಲಮ್ ಕೈಯೆತ್ತಿ ತಡೆದರು. ಹೊರಗೆ ಕುರಿಯೊಂದು ಕೆಮ್ಮಿತು.

"ಅಮ್ಮ," ಎಂದಳು ಮೈತ್ರಿ. "ಯಾಕೆ ಕಾಲು ಇಡಬಾರದು?"

ನನ್ನ ಮಗಳು ನನಗೆ ಕನ್ನಡದಲ್ಲಿ ಪ್ರಶ್ನೆ ಕೇಳಿದ್ದಳು. ಪೂರ್ತಿ ವಾಕ್ಯ, ಕ್ರಿಯಾಪದ ಸಮೇತ. ಎಷ್ಟು ಖುಷಿಯಾಯಿತೆಂದರೆ ಉತ್ತರ ಕೊಡುವುದು ಮರೆತೇಹೋಯಿತು.

ಆಮೇಲೆ ಗೊತ್ತಾಯಿತು, ಕೊಡಲು ಉತ್ತರವೇ ಇಲ್ಲ. 'ಅದು ನಮ್ಮ ಟ್ರೆಡಿಷನ್' ಎಂದೆ. ಒಂದು ಕಡ್ಡಿ. 'ಅಂದ್ರೆ ನಮ್ಮ ಕಲ್ಚರಲ್ಲಿ' ಎಂದೆ. ಇನ್ನೊಂದು. ಮೂರನೆಯ ಸಲ ನಾನೇ ನಿಂತೆ. ಮೊರ ತುಳಿಯಬಾರದು ಎಂದು ನನಗೆ ಬೆನ್ನಿಗೊಂದು ಗುದ್ದು ಕೊಟ್ಟು ಹೇಳಿದ್ದರೇ ಹೊರತು ಯಾಕೆಂದು ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಈಗ ಹನ್ನೆರಡು ವರ್ಷದ ಹುಡುಗಿಗೆ ಅವಳಿಗೆ ಬರುವಷ್ಟೇ ಕನ್ನಡದಲ್ಲಿ ಹೇಳಬೇಕಿತ್ತು.

"ಮೊರದಲ್ಲಿ ಅಕ್ಕಿ ಕೇರ್ತೀವಿ," ಎಂದೆ. "ಅನ್ನ ಆಗೋಕೆ ಮುಂಚೆ ಅಕ್ಕಿ ಇದರ ಮೇಲೇ ಬರುತ್ತೆ. ಅನ್ನ ತುಳೀಬಾರ್ದು. ಅದಕ್ಕೇ ಇದನ್ನೂ ತುಳೀಬಾರ್ದು."

ಮೈತ್ರಿ ಅದನ್ನು ಐರಿಷಿಗೆ ಕೊಂಡೊಯ್ದಳು. ನಿಧಾನವಾಗಿ, ಎರಡು ಕೈಯಲ್ಲೂ ಅಕ್ಕಿ ಕೇರಿ ತೋರಿಸುತ್ತ. ಕೊಲಮ್ ತಲೆಯಾಡಿಸಿ ಬಹಳ ಹೊತ್ತು ಏನೋ ಹೇಳಿದರು. ಅವಳು ಅದನ್ನು ಮತ್ತೆ ಕನ್ನಡಕ್ಕೆ ತಂದಳು, ಅಲ್ಲಲ್ಲಿ ನಿಂತು ಪದ ಹುಡುಕಿಕೊಂಡು. ಅವರ ಮನೆಯಲ್ಲೂ ಸ್ಕಿಬ್ಬನ್ನು ನಡುವೆ ಇಟ್ಟು ಎಲ್ಲರೂ ಸುತ್ತ ಕೂತು ಅದರಿಂದಲೇ ಊಟ ಮಾಡುತ್ತಿದ್ದರಂತೆ. ಅವರ ತಾಯಿ ಅದನ್ನು ನೆಲಕ್ಕೆ ಇಡಲೂ ಬಿಡುತ್ತಿರಲಿಲ್ಲವಂತೆ. ಆದರೆ ಅದು ಹೆಣೆದು ಮುಗಿದ ಮೇಲಿನ ಮಾತು. ಅಲ್ಲಿಯವರೆಗೆ ಬರೀ ಕಡ್ಡಿ. ಕಡ್ಡಿ ಬುಟ್ಟಿಯಾಗಬೇಕಾದರೆ ಯಾರಾದರೂ ಕಾಲಿಡಲೇಬೇಕಲ್ಲ.

ನಮ್ಮ ಊರಲ್ಲಿ ಮೊರ ಹೆಣೆಯುವವರೂ ಕಾಲಿಂದ ಒತ್ತಿ ಹಿಡಿಯುತ್ತಿದ್ದರೋ ಏನೋ. ಸಂತೆಯಲ್ಲಿ ಕೊಂಡವಳು ನಾನು, ಹೆಣೆಯುವುದನ್ನು ಒಂದು ದಿನ ನಿಂತು ನೋಡಿದವಳಲ್ಲ.

ಅಷ್ಟು ಹೇಳಿ ಕೊಲಮ್ ಒಂದು ಸ್ಟೂಲಿನ ಮೇಲೆ ಕೂತರು. ಬೂಟು ಎಳೆದು ತೆಗೆದರು. ದಪ್ಪ ಉಣ್ಣೆಯ ಕಾಲುಚೀಲ ತೆಗೆದರು. ಹಾಲಿನಷ್ಟು ಬಿಳಿಯ, ಹತ್ತಾರು ವರ್ಷ ಬಿಸಿಲು ಕಾಣದ ಪಾದವೊಂದು ಹೊರಬಂತು. ಹೊರಗೆ ಹೋಗಿ ನಲ್ಲಿಯಲ್ಲಿ ತೊಳೆದುಕೊಂಡು ಬಂದರು. ಆಮೇಲೆ ನನ್ನ ಕಡೆ ನೋಡಿ, ಬುಡವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು (ಎಡಗೈಯಲ್ಲಿ, ಹೋಗಲಿ ಬಿಡಿ), ಬರಿಗಾಲು ಇಟ್ಟರು.

ನನಗೆ ನಗು ಬಂತು, ಅಳುವೂ ಬಂತು. ಎರಡನ್ನೂ ನುಂಗಿ ನಾನೂ ಚಪ್ಪಲಿ ಬಿಟ್ಟೆ.

ಇಲ್ಲಿಗೆ ಮುಗಿಸಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಆದರೆ ಕೆಲಸ ಕುದುರಿದಷ್ಟೂ ನನ್ನ ಬಾಯಿ ಕುದುರಿತು. ಇಲ್ಲಿ ಕಟ್ ಮಾಡು, ಅಲ್ಲಿ ಲೂಸಾಗಿದೆ, ಫಿನಿಶಿಂಗ್ ನೀಟಾಗಿರಲಿ. ಕೊಲಮ್ ಈಗ ಬೇರ್ಲ ಎನ್ನುವುದನ್ನೂ ಬಿಟ್ಟು ಸುಮ್ಮನೆ ಕಡ್ಡಿ ಎಳೆಯುತ್ತಿದ್ದರು. ಎರಡನೆಯ ಮೊರ ಕೈಬಿಟ್ಟು ಹೋಗಿತ್ತು. ನೋಡನೋಡುತ್ತ ಮೊದಲನೆಯದಕ್ಕೇ ಅಂಚು ಕಟ್ಟಲು ಸಾಲುತ್ತದೋ ಇಲ್ಲವೋ ಎನ್ನುವಷ್ಟು ಕಡ್ಡಿ ಉಳಿಯಿತು. ಮೈತ್ರಿ ಉಳಿದದ್ದನ್ನು ಎಣಿಸಿದಳು. ಅಂಚಿಗೆ ಬೇಕಾದದ್ದನ್ನು ಎಣಿಸಿದಳು. ಸರಿಯಾಗಿ ಅಷ್ಟೇ ಇತ್ತು. ಇನ್ನೊಂದು ಹೋದರೆ ಇಷ್ಟು ಹೊತ್ತು ಕೂತು ಹೆಣೆದದ್ದು ಬಾಯಿ ಬಿಟ್ಟುಕೊಂಡು ನಿಲ್ಲುತ್ತಿತ್ತು.

ಅವಳು ನನ್ನನ್ನು ನೋಡಿದಳು. ಅವಳ ಬೆರಳುಗಳೆಲ್ಲ ಕೆಂಪಾಗಿದ್ದವು.

"ಅಮ್ಮ, ನೀನು ಹೊರಗೆ ಹೋಗು. ನಾನು ಮುಗಿಸ್ತೀನಿ."

ಹೌದು. ನನ್ನನ್ನು ಹೊರಗೆ ಹಾಕಿದ್ದು ಕೊಲಮ್ ಅಲ್ಲ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು.

ಹೊರಗೆ ಕಲ್ಲಿನ ಗೋಡೆಯ ಮೇಲೆ ಕೂತೆ. ಕಾನೆಮಾರದ ಗಾಳಿಗೆ ಹೆಂಗಸು, ಗಂಡಸು, ಪಿಎಚ್‌ಡಿ ಎಂಬ ಭೇದವಿಲ್ಲ, ಎಲ್ಲರ ಕೂದಲನ್ನೂ ಒಂದೇ ಥರ ಕೆದರುತ್ತದೆ. ಎದುರಿಗೆ ಕುರಿಗಳು. ಅವುಗಳ ಜೊತೆ ಶುದ್ಧ ಕನ್ನಡ ಆಡಿ ನೋಡೋಣವೆಂದು ನನ್ನ ದಿನಚರಿ ಹೇಳಲು ಹೊರಟೆ. ಬೆಳಿಗ್ಗೆ ಏಳ್ತೀನಿ, ಕಾಫಿ ಕುಡೀತೀನಿ, ಎನ್ನುವಷ್ಟರಲ್ಲೇ ಕಾಫಿ ಬಂತು. ಕುರಿ ತಲೆ ತಗ್ಗಿಸಿ ಮೇಯತೊಡಗಿತು.

ಆ ಮಕ್ಕಳ ಕೊರಳಿನ ಕೋಲು ಆಗ ನೆನಪಾಯಿತು. ಕೊಲಮ್‌ರ ಮುತ್ತಜ್ಜನ ಕೊರಳಲ್ಲೂ ಇದ್ದಿರಬಹುದು. ಈಗ ಕೊಲಮ್ ತಮ್ಮ ಶೆಡ್ಡಿನಲ್ಲಿ ಅದನ್ನೇ ತಿರುಗಿಸಿ ಆಡುತ್ತಿದ್ದಾರೆ, ಯಾರಿಗೂ ನೋವಾಗದ ಹಾಗೆ, ನಗುನಗುತ್ತ. ನನಗೆ ನಾಚಿಕೆಯಾಯಿತು. ನನ್ನ ಕೊರಳಿಗೆ ಯಾರೂ ಏನೂ ಕಟ್ಟಿರಲಿಲ್ಲ. ಯಾರೂ ಹೊಡೆದಿರಲಿಲ್ಲ. ಆದರೂ ಮಗಳ ಜೊತೆ ಅರ್ಧ ದಿನ ನನ್ನ ಮಾತಿನಲ್ಲಿ ನಾನು ಮಾತಾಡಲಾರೆ.

ಒಂದು ಗಂಟೆಯ ಮೇಲೆ ಬಾಗಿಲು ತೆರೆಯಿತು. ಮೈತ್ರಿ ಮೊರ ಹಿಡಿದು ಬಂದಳು. ಒಂದು ಕಡೆ ಸ್ವಲ್ಪ ಸೊಟ್ಟ, ಅಂಚು ಒಂದೆಡೆ ದಪ್ಪ, ಒಂದೆಡೆ ತೆಳು. ಆದರೆ ಮೊರ. ಅಕ್ಕಿ ಹಾಕಿದರೆ ಒಂದು ಕಾಳು ಕೆಳಗೆ ಬೀಳದು. ಹಿಂದೆ ಬರಿಗಾಲಲ್ಲಿ ನಿಂತ ಕೊಲಮ್, ನಾನು ಮೊರ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರೆಗೂ ಕಾದಿದ್ದು ಒಳಗೆ ಹೋದರು.

ಕಾರು ಹತ್ತಿದ ಕೂಡಲೇ ನನ್ನ ಬಾಯಿಗೆ ಬಿಡುಗಡೆ. ಇಷ್ಟು ಕನ್ನಡ ಬರುತ್ತಿದ್ದರೂ ಇಷ್ಟು ವರ್ಷ ಯಾಕೆ ಆಡಲಿಲ್ಲ ಎಂದು ಕೇಳಿದೆ. ಸ್ವಲ್ಪ ಜೋರಾಗಿಯೇ ಕೇಳಿದೆ ಅನ್ನಿ. ಅವಳು ಕಿಟಕಿಯಾಚೆ ನೋಡುತ್ತ ಇಂಗ್ಲಿಷಿನಲ್ಲಿ ಹೇಳಿದಳು. ನನಗೆ ಪದ ಹುಡುಕೋಕೆ ಟೈಮ್ ಬೇಕು ಅಮ್ಮ. ಅಷ್ಟರಲ್ಲಿ ನೀನೇ ಇಂಗ್ಲಿಷಿನಲ್ಲಿ ಹೇಳಿಬಿಡ್ತೀಯ. ಆ ತಾತ ಕಾದರು.

ಇದನ್ನು ದೂರಿನಂತೆ ಹೇಳಲಿಲ್ಲ. ಹೊರಗೆ ಮಳೆ ಬರ್ತಿದೆ ಎನ್ನುವ ಹಾಗೆ ಹೇಳಿದಳು. ನನಗೆ ಮಾತ್ರ ಸರಿಯಾಗಿ ನಾಟಿತು. ಮಕ್ಕಳಿಗೆ ಭಾಷೆ ಕಲಿಸಿ ಎಂದು ಮೈಕಿನ ಮುಂದೆ ಅಷ್ಟು ಕೂಗಿದ್ದೇನಲ್ಲ, ಮಗು ಬಾಯಿ ತೆರೆದಾಗ ಸುಮ್ಮನಿರಿ ಎಂದು ಒಮ್ಮೆಯಾದರೂ ಹೇಳಿದ್ದೇನೆಯೇ?

ಗಾಲ್ವೇ ದಾಟುವಾಗ ಮತ್ತೆ ಕೇಳಿದೆ. ಪದ ಆರಿಸಿ ಆರಿಸಿ, ಕನ್ನಡದಲ್ಲೇ.

"ಬಾಗಿನಕ್ಕೆ ಜೋಡಿ ಮೊರ ಬೇಕು ಮಗಳೇ. ಇರೋದು ಒಂದೇ. ಏನು ಮಾಡೋಣ?"

ಕೇಳಿ ಬಾಯಿ ಮುಚ್ಚಿದೆ. ಅವಳು ಉತ್ತರಿಸಲಿಲ್ಲ. ಮೊರ ಅವಳ ತೊಡೆಯ ಮೇಲಿತ್ತು, ಅದರ ಅಂಚನ್ನು ಸವರುತ್ತಿದ್ದಳು. ಆಥ್ಲೋನ್ ಬಂತು. ನನ್ನ ನಾಲಿಗೆಯ ತುದಿಯಲ್ಲಿ ನಾಲ್ಕು ಐಡಿಯಾ, ಎರಡು ಆಪ್ಷನ್, ಒಂದು ಪ್ಲಾನ್ ಬಿ ಬಂದು ನಿಂತಿದ್ದವು. ಹಲ್ಲು ಕಚ್ಚಿ ಹಿಡಿದೆ. ಆಥ್ಲೋನ್ ಹೋಯಿತು. ಮಳೆ ಶುರುವಾಗಿ ನಿಂತಿತು. ಅಷ್ಟು ಉದ್ದದ ಮೌನವನ್ನು ನಾನು ನಿದ್ದೆಯಲ್ಲಿ ಬಿಟ್ಟರೆ ಬೇರೆಲ್ಲೂ ಸಾಧಿಸಿದವಳಲ್ಲ. ಅವಳು ಮರೆತೇಬಿಟ್ಟಳೇನೋ ಎಂದು ಭಯವಾಯಿತು.

ಕಿನ್ನೆಗಾಡ್ ಹತ್ತಿರ ಬಂದಾಗ ಅವಳು ಗಂಟಲು ಸರಿ ಮಾಡಿಕೊಂಡಳು.

"ಮುಂದಿನ ಶನಿವಾರ ಹೋಗಿ ನಾನು ಇನ್ನೊಂದು ಮಾಡ್ತೀನಿ," ಎಂದಳು. ಸ್ವಲ್ಪ ತಡೆದು ಸೇರಿಸಿದಳು: "ನೀನು ಒಳಗೆ ಬರಬೇಡ ಅಮ್ಮ. ತುಂಬಾ ಮಾತಾಡ್ತೀಯ."

ಆಗಲಿ ಎಂದೆ. ಇಲ್ಲಿರುವ ನಮ್ಮಲ್ಲಿ ಎಷ್ಟು ಜನರಿಗಿದೆ ಹೇಳಿ, ಮಕ್ಕಳಿಂದ ಇಷ್ಟು ಅಚ್ಚುಕಟ್ಟಾದ ಕನ್ನಡದಲ್ಲಿ ಬೈಸಿಕೊಳ್ಳುವ ಭಾಗ್ಯ?